ದೊಡ್ಡಮ್ಮನ ಮೂಗು, ಕಸಿಗಾರನ ರಕ್ತ

ದೊಡ್ಡಮ್ಮನ ಮೂಗಿನ ಮೇಲೆ ಇಡೀ ಓಣಿಗೆ ಭರವಸೆ. ಹಾಲು ಒಡೆಯುವ ಹಂತಕ್ಕೆ ಬಂದಿದೆಯೋ ಇಲ್ಲವೋ, ಕೂಡಿಟ್ಟ ಆಲೂಗಡ್ಡೆಯ ರಾಶಿಯ ತಳದಲ್ಲಿ ಒಂದು ಕೊಳೆತಿದೆಯೋ ಇಲ್ಲವೋ ಎಂದು ಅನುಮಾನ ಬಂದರೆ ಅಕ್ಕಪಕ್ಕದ ಹೆಂಗಸರು ಅವಳನ್ನೇ ಕರೆಯುತ್ತಿದ್ದರು. ಅವಳು ಹೊಸ್ತಿಲಲ್ಲೇ ನಿಂತು ಒಂದು ಸಲ ಉಸಿರೆಳೆದು, "ಎಡಗಡೆ ಮೂಲೆ, ಕೆಳಗೆ" ಅನ್ನುತ್ತಿದ್ದಳು. ಕೈ ಹಾಕಿದರೆ ಅಲ್ಲೇ ಇರುತ್ತಿತ್ತು. ಪಕ್ಕದ ಮನೆಯಲ್ಲಿದ್ದ ಮೈದುನನ ಮಕ್ಕಳು ಅವಳನ್ನು ದೊಡ್ಡಮ್ಮ ಎಂದು ಕೂಗುವುದನ್ನು ಕೇಳಿ ಕೇಳಿ ಓಣಿಗೂ ಅವಳು ದೊಡ್ಡಮ್ಮನೇ ಆಗಿದ್ದಳು. ಅವಳ ವಯಸ್ಸಿನವರೂ ಹಾಗೇ ಕರೆಯುತ್ತಿದ್ದರು.

ಅಂಥ ಮೂಗನ್ನು ಇಟ್ಟುಕೊಂಡು ಅವಳು ಮದುವೆಯಾದ ದಿನದಿಂದ ಹೊಗೆಯ ಜೊತೆ ಬಾಳಿದ್ದಳು. ಗಂಡ ಕಸಿ ಕಟ್ಟುವವನು. ಮನೆಯ ಹಿಂದಿನ ಸಸಿಮಡಿಗಳಲ್ಲಿ ನಿಂಬೆ, ಕಿತ್ತಳೆಯ ಕಾಡುಗಿಡಗಳನ್ನು ಬೆಳೆಸಿ, ಅವುಗಳ ಮೇಲೆ ಒಳ್ಳೆಯ ಜಾತಿಯ ಕುಡಿಯನ್ನು ಕೂರಿಸಿ ಮಾರುವುದು ಅವನ ಕಸುಬು. ಸುತ್ತಲಿನ ತೋಟದವರೆಲ್ಲ ಅವನನ್ನು ಕಸಿಗಾರ ಎಂದೇ ಕರೆಯುತ್ತಿದ್ದರು. ಕೈ ಬಲು ಚೊಕ್ಕ. ಆದರೆ ಕೈ ಬಿಡುವಾಯಿತೆಂದರೆ ಬೆರಳ ಸಂದಿಯಲ್ಲೊಂದು ಹೊಗೆ. ಕೊಟ್ಟಿಗೆಯ ಹಿಂದೆ ತಾನೇ ಬೆಳೆದ ಹೊಗೆಸೊಪ್ಪು, ಅಟ್ಟದಲ್ಲಿ ಕಟ್ಟು ಕಟ್ಟಿ ಒಣಗಿಸಿದ್ದು. ಅದನ್ನು ತೆಳು ಕಾಗದದಲ್ಲಿ ಸುತ್ತಿ, ತುದಿಗೆ ನಾಲಿಗೆ ಸವರಿ, ಗೋಡೆಗೆ ಬೆನ್ನು ಕೊಟ್ಟು ಸೇದುತ್ತಿದ್ದ. ಜೊತೆಗೆ ತಮ್ಮನೂ ಬಂದು ಕೂರುತ್ತಿದ್ದ. ಇಬ್ಬರೂ ಮಾತಿಲ್ಲದೆ ಹೊಗೆ ಬಿಡುತ್ತ ಕೂತಿದ್ದರೆ, ದೊಡ್ಡಮ್ಮ ಕಿಟಕಿ ಮುಚ್ಚಿಕೊಂಡು, "ಎರಡು ಒಲೆ ಹೊತ್ತಿಸಿದ ಹಂಗಿದೆ" ಎಂದು ಗೊಣಗುತ್ತಿದ್ದಳು.

ಕಸಿಗಾರನ ಬಲಗಾಲಿನ ಹರಡು, ಪಾದದ ಮೇಲಿನ ಕೀಲು, ಹಳೆಯ ಕಿತ್ತಳೆ ಮರದಿಂದ ಬಿದ್ದಾಗ ಮುರಿದದ್ದು. ಆಗ ಹೇಗೋ ಕೂಡಿಕೊಂಡಿತ್ತು. ಹೇಗೋ ಕೂಡಿಕೊಂಡದ್ದು ಬರಬರುತ್ತ ತನ್ನ ಬುದ್ಧಿ ತೋರಿಸಿತು. ಮೊದಲು ಇಳಿಜಾರಿನಲ್ಲಿ ನೋವು, ಆಮೇಲೆ ಸಮನೆಲದಲ್ಲೂ ನೋವು, ಕೊನೆಗೆ ಕುಕ್ಕರಗಾಲಲ್ಲಿ ಕೂರಲೂ ಆಗದೆ ಹೋಯಿತು. ಕಸಿ ಕಟ್ಟುವುದು ನೆಲಕ್ಕೆ ಮುಖ ಕೊಟ್ಟು ಮಾಡುವ ಕೆಲಸ; ಸಸಿ ಮೊಣಕಾಲೆತ್ತರವೂ ಇರುವುದಿಲ್ಲ. ಕಾಲು ನಿಲ್ಲದಿದ್ದರೆ ಕೈಯ ಚೊಕ್ಕತನ ಎಲ್ಲಿಗೆ ಬಂತು? ಮಡಿಗಳಲ್ಲಿ ಕಾಡುಗಿಡಗಳು ಕಸಿಯಿಲ್ಲದೆ ದಪ್ಪವಾಗುತ್ತ ನಿಂತವು.

ಪಟ್ಟಣದ ಆಸ್ಪತ್ರೆಯ ಮೂಳೆ ಡಾಕ್ಟರು ಹರಡಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಬಿಚ್ಚಿ ಮತ್ತೆ ಕಟ್ಟಬೇಕು" ಎಂದರು. ಸೊಂಟದ ಮೂಳೆಯಿಂದ ಒಂದು ಚೂರು ತೆಗೆದು ಇಲ್ಲಿ ಇಟ್ಟು, ಸ್ಕ್ರೂ ಹಾಕಿ ಬಿಗಿದರೆ, ಕೆಲವು ತಿಂಗಳಲ್ಲಿ ಎಲ್ಲ ಒಂದೇ ಮೂಳೆಯಾಗುತ್ತದೆ; ಕಾಲು ಹಿಂದಿನಂತೆ ಮಡಚುವುದಿಲ್ಲ, ಆದರೆ ನೋವಿಲ್ಲದೆ ಭಾರ ಹೊರುತ್ತದೆ ಎಂದು ವಿವರಿಸಿದರು.

ಕಸಿಗಾರನ ಮುಖ ಅರಳಿತು. "ಇದು ನನ್ನ ಕಸುಬೇ ಡಾಕ್ಟ್ರೇ. ಒಂದು ಕಡೆಯಿಂದ ಕಡ್ಡಿ ತಂದು ಇನ್ನೊಂದು ಕಡೆ ಕಟ್ಟೋದು."

"ಹಂಗಾದ್ರೆ ನಿಮಗೆ ಹೇಳೋದು ಸುಲಭ. ಹೊಗೆ ಸೇದ್ತೀರಾ?"

"ಅಂಗಡೀದು ಮುಟ್ಟಲ್ಲ. ಮನೇದೇ ಸೊಪ್ಪು."

"ಮನೇದಾದ್ರೂ ಹೊಗೆ ಹೊಗೇನೇ ಯಜಮಾನ್ರೇ. ಸೇದೋರ ಮೂಳೆಗೆ ರಕ್ತ ಸರಿಯಾಗಿ ಹರಿಯಲ್ಲ. ನಾನು ಕಟ್ತೀನಿ, ಅದು ಕೂಡಿಕೊಳ್ಳಲ್ಲ. ಆಮೇಲೆ ನೀವು ನನ್ನನ್ನ ಬೈತೀರಿ."

"ರಸ ಹರೀದೆ ಇದ್ರೆ ಕುಡಿ ಕಣ್ಣು ಬಿಡಲ್ಲ" ಎಂದು ಕಸಿಗಾರ ತನ್ನಷ್ಟಕ್ಕೆ ಒಪ್ಪಿಕೊಂಡ.

"ಅದಕ್ಕೇ ಮೊದಲು ಬಿಡಿ. ಬಿಟ್ಟೆ ಅಂತ ಬಾಯಲ್ಲಿ ಹೇಳಿದ್ರೆ ನಾನು ಕತ್ತಿ ಹಿಡಿಯಲ್ಲ. ರಕ್ತ ನೋಡ್ತೀನಿ."

ಪಕ್ಕದ ಕುರ್ಚಿಯಲ್ಲಿದ್ದ ದೊಡ್ಡಮ್ಮ ಮುಂದಕ್ಕೆ ಬಾಗಿದಳು. "ರಕ್ತದಲ್ಲಿ ಹೊಗೆ ಕಾಣುತ್ತಾ?"

"ಹೊಗೆ ಕಾಣಲ್ಲಮ್ಮ. ಹೊಗೆಸೊಪ್ಪಿನಲ್ಲಿರೋ ನಿಕೋಟಿನ್ನು ಒಳಗೆ ಹೋದ್ರೆ ಲಿವರು ಅದನ್ನ ಬೇರೆ ರೂಪಕ್ಕೆ ತಿರುಗಿಸುತ್ತೆ. ಕೋಟಿನಿನ್ ಅಂತಾರೆ. ಸೇದಿ ಒಂದೆರಡು ದಿನ ಆದ್ರೂ ಅದು ರಕ್ತದಲ್ಲಿ ಸಿಕ್ಕಿಬೀಳುತ್ತೆ. ಬಾಯಿ ಮುಕ್ಕಳಿಸಿದ್ರೂ, ಲವಂಗ ಜಗಿದ್ರೂ ಹೋಗಲ್ಲ."

"ನನ್ನ ಮೂಗಿಗೆ ಇಷ್ಟು ವರ್ಷಕ್ಕೆ ಒಬ್ಬ ಜೊತೆಗಾರ ಸಿಕ್ಕ" ಎಂದಳು ದೊಡ್ಡಮ್ಮ.

ಮನೆಗೆ ಬಂದ ದಿನವೇ ಕಸಿಗಾರ ಕಾಗದದ ಕಟ್ಟನ್ನೂ ಲೈಟರನ್ನೂ ತಂದು ಹೆಂಡತಿಯ ಮುಂದಿಟ್ಟ. ಹಿಂದೆ ಎರಡು ಸಲ ಹೀಗೇ ಇಟ್ಟು, ಮೂರನೇ ಬೆಳಿಗ್ಗೆ ಹಲ್ಲು ಕಿಸಿಯುತ್ತ ವಾಪಸು ಕೇಳಿದವನು. ಈ ಸಲ ಮುಖದಲ್ಲಿ ನಗುವಿರಲಿಲ್ಲ.

"ಅಟ್ಟದ ಸೊಪ್ಪೆಲ್ಲ ಸುಟ್ಟುಬಿಡು" ಎಂದ.

"ಸುಟ್ಟರೆ ಇಡೀ ಓಣೀನೇ ಸೇದಿದ ಹಂಗಾಗುತ್ತೆ."

ಅದಲ್ಲದೆ ಏನನ್ನೂ ಬಿಸಾಡುವುದು ದೊಡ್ಡಮ್ಮನ ಕೈಯಲ್ಲಿ ಬರದ ಕೆಲಸ. ಅಟ್ಟದ ಜಂತಿಗೆ ತೂಗುಬಿಟ್ಟ ಕಂದು ಕಟ್ಟುಗಳನ್ನು ನೋಡುತ್ತ ನಿಂತಾಗ ಅವಳಿಗೆ ತನ್ನ ಅವ್ವ ನೆನಪಾದಳು. ಅವ್ವ ಹೊಗೆಸೊಪ್ಪನ್ನು ನೀರಲ್ಲಿ ನೆನೆಹಾಕಿ, ಸೋಸಿ, ಸೋಪಿನ ಚೂರು ಕರಗಿಸಿ ತರಕಾರಿಗೆ ಚಿಮುಕಿಸುತ್ತಿದ್ದಳು. ಎಲೆಗೆ ಹತ್ತಿದ ಹಸಿರು ಹೇನು ಪತ್ತೆಯಿಲ್ಲದೆ ಹೋಗುತ್ತಿದ್ದವು. ಈ ವರ್ಷ ದೊಡ್ಡಮ್ಮನ ಹುರುಳಿಕಾಯಿ ಬಳ್ಳಿಯ ತುಂಬ ಹೇನು. ಕೋಸಿನ ಒಳಗೂ ಅವೇ. ಸರಿ, ಕೊಟ್ಟಿಗೆಯ ನೀಲಿ ಪೀಪಾಯಿಯನ್ನು ಉರುಳಿಸಿ ತಂದಳು.

ಕಾಲು ಕೆಟ್ಟವನಿಗೆ ಕೂತು ಮಾಡುವ ಕೆಲಸವೂ ಸಿಕ್ಕಿತು. ಕೈ ಸುಮ್ಮನಿದ್ದರೆ ತಾನೇ ಕಾಗದ ಸುತ್ತಲು ಹುಡುಕುವುದು? ಕಸಿಗಾರ ದಿನವೂ ಬೆಳಿಗ್ಗೆ ಸ್ಟೂಲು ಹಾಕಿಕೊಂಡು, ಅಂಗಿಯ ತೋಳು ಮಡಚಿ, ಪೀಪಾಯಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಸೊಪ್ಪನ್ನು ಹಿಸುಕುತ್ತಿದ್ದ. ನೀರು ಕಷಾಯದಂತೆ ಕಪ್ಪಾಗುತ್ತಿತ್ತು. ಸೋಸಿದ್ದನ್ನು ದೊಡ್ಡಮ್ಮ ಬೆನ್ನಿನ ಪಂಪಿಗೆ ತುಂಬಿಕೊಂಡು ಹೋಗಿ ಬಳ್ಳಿಗಳಿಗೆ ಹೊಡೆಯುತ್ತಿದ್ದಳು. ಹಳೆಯ ಪಂಪು, ವಾಷರು ಸವೆದದ್ದು. ಸಾಲು ಮುಗಿಸುವಷ್ಟರಲ್ಲಿ ಅವಳ ಬೆನ್ನು ತೊಯ್ದಿರುತ್ತಿತ್ತು.

"ಟೊಮೆಟೊ ಕಡೆ ಮಾತ್ರ ಸುಳೀಬೇಡ" ಎಂದು ಕಸಿಗಾರ ಪ್ರತಿ ಸಲ ಕೂಗಿ ಹೇಳುತ್ತಿದ್ದ. ಹೊಗೆಸೊಪ್ಪಿನಿಂದ ಎಳೆಯ ಗಿಡಗಳಿಗೆ ರೋಗ ಹತ್ತುತ್ತದೆ ಎಂಬುದು ಅವನಪ್ಪ ಕಲಿಸಿದ ಪಾಠ. ಹೊಗೆ ಸೇದಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಅವನು ಒಂದು ಸಸಿಯನ್ನೂ ಮುಟ್ಟಿದವನಲ್ಲ. ಈಗ ಸಸಿಯ ಕೆಲಸವೇ ಇಲ್ಲವಲ್ಲ ಎಂದು ಕೈಯನ್ನು ಟವೆಲಿಗೆ ಒರೆಸಿಕೊಂಡು ಎದ್ದುಬಿಡುತ್ತಿದ್ದ.

ಎಲ್ಲರಿಗೂ ಆಶ್ಚರ್ಯವಾಗಿದ್ದು ಅವನು ಹೊಗೆ ಬಿಟ್ಟ ರೀತಿ. ಸಿಡುಕಿಲ್ಲ, ಚಡಪಡಿಕೆಯಿಲ್ಲ. ಕೆಲವು ಬೆಳಿಗ್ಗೆ ಮುಖ ಬಿಳಿಚಿಕೊಂಡು, ಹೊಟ್ಟೆ ತೊಳಸಿದಂತಾಗಿ ಮಲಗುತ್ತಿದ್ದನಷ್ಟೆ. "ಬಿಟ್ಟ ಸಂಕಟ, ಎರಡು ದಿನ ಇರುತ್ತೆ" ಎಂದು ದೊಡ್ಡಮ್ಮ ಬೆನ್ನು ಸವರುತ್ತಿದ್ದಳು. ಪಂಪು ಹೊಡೆದ ದಿನ ಅವಳಿಗೂ ತಲೆ ಸಿಡಿಯುತ್ತಿತ್ತು. ಅದಕ್ಕೆ ಬಿಸಿಲಿದೆ, ವಯಸ್ಸಿದೆ.

"ಇಷ್ಟು ಸುಲಭ ಅಂತ ಗೊತ್ತಿದ್ರೆ ಯಾವತ್ತೋ ಬಿಡ್ತಿದ್ದೆ" ಎಂದು ಕಸಿಗಾರ ಗೋಡೆಯಾಚೆ ಕೂತು ಸೇದುತ್ತಿದ್ದ ತಮ್ಮನಿಗೆ ಹೇಳುತ್ತಿದ್ದ. "ಮನಸ್ಸು ಗಟ್ಟಿ ಇರಬೇಕು ಅಷ್ಟೇ. ನೀನೂ ಬಿಡಬಹುದು."

"ನಿನ್ನ ಮನಸ್ಸು ಗಟ್ಟಿ, ನಿನ್ನ ಮೂಳೆ ಮೆದು. ನಂದು ಉಲ್ಟಾ, ಇರಲಿ ಬಿಡು" ಎನ್ನುತ್ತಿದ್ದ ತಮ್ಮ.

ಹೀಗೆ ಎದೆಯುಬ್ಬಿಸಿಕೊಂಡು ಹೋಗಿ ರಕ್ತ ಕೊಟ್ಟು ಬಂದವನಿಗೆ, ಮುಂದಿನ ವಾರ ಡಾಕ್ಟರ ಕೋಣೆಯಲ್ಲಿ ಎದೆ ಧಸಕ್ಕೆಂದಿತು.

"ಯಜಮಾನ್ರೇ, ನೀವು ಒಂದು ಹೇಳ್ತಿದ್ದೀರಿ, ರಕ್ತ ಇನ್ನೊಂದು ಹೇಳ್ತಿದೆ. ಸೇದೋರಲ್ಲಿ ಇರೋವಷ್ಟೇ ಇದೆ."

"ನಾನು ಮುಟ್ಟಿಲ್ಲ ಡಾಕ್ಟ್ರೇ."

"ಜಗಿಯೋದು? ನಶ್ಯ? ಬಿಡೋದಕ್ಕೆ ಅಂತ ಮಾರ್ತಾರಲ್ಲ, ಅಂಟಿಸಿಕೊಳ್ಳೋ ಪಟ್ಟಿ, ಚೂಯಿಂಗ್ ಗಮ್ಮು?"

"ಏನೂ ಇಲ್ಲ. ಇವಳನ್ನ ಕೇಳಿ."

ಡಾಕ್ಟರು ದೊಡ್ಡಮ್ಮನನ್ನು ಕೇಳಲಿಲ್ಲ. ಅವರು ಒಳ್ಳೆಯವರೇ, ಗದರಿಸಲೂ ಇಲ್ಲ. "ಬಿಡೋದು ಕಷ್ಟ, ನನಗೆ ಗೊತ್ತು. ಇನ್ನೊಂದು ಸಲ ನೋಡೋಣ. ಆಗಲೂ ಹೀಗೇ ಬಂದ್ರೆ ನಿಮ್ಮ ಸರದಿ ಬೇರೆಯವರಿಗೆ ಕೊಡಬೇಕಾಗುತ್ತೆ. ಕಾಯ್ತಾ ಇರೋರು ತುಂಬ ಜನ ಇದ್ದಾರೆ" ಎಂದರು.

ಬಸ್ಸಿನಲ್ಲಿ ಕಸಿಗಾರ ಕಿಟಕಿಯ ಪಕ್ಕ ಕೂತ. ಕೋಲನ್ನು ಎರಡು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಅದರ ಹಿಡಿಯ ಮೇಲೆ ಗಲ್ಲವೂರಿದ. ಊರು ದಾಟಿ, ಹೊಲಗಳು ಶುರುವಾದ ಮೇಲೆ, ಮುಖ ತಿರುಗಿಸದೆಯೇ ಕೇಳಿದ.

"ನೀನಾದ್ರೂ ನಂಬ್ತೀಯಾ?"

ದೊಡ್ಡಮ್ಮ ತಕ್ಷಣ ಉತ್ತರ ಕೊಡಲಿಲ್ಲ. ಆ ತಡ ಅವನನ್ನು ಚುಚ್ಚಿತೆಂದು ಅವಳಿಗೆ ಗೊತ್ತಾಯಿತು. ಆದರೂ ಬಾಯಿಗೆ ಬಂದದ್ದನ್ನು ಹೇಳಿ ಸಮಾಧಾನ ಮಾಡುವ ಜಾತಿ ಅವಳದಲ್ಲ. ರಕ್ತ ಸುಳ್ಳು ಹೇಳುವುದುಂಟೇ? ಹಾಗಾದರೆ ತನ್ನ ಮೂಗು ಸುಳ್ಳು ಹೇಳಿತೇ? ಎರಡರಲ್ಲಿ ಒಂದನ್ನು ಕೈಬಿಡಬೇಕಾಗಿತ್ತು. ಮೂಗನ್ನು ಕೈಬಿಟ್ಟರೆ ಗಂಡನನ್ನೂ ಕೈಬಿಟ್ಟಂತೆ.

ಅಂದಿನಿಂದ ಅವಳು ಪೊಲೀಸು ನಾಯಿಯಾದಳು. ಅವನ ಅಂಗಿಯ ಕಾಲರು, ದಿಂಬಿನ ಚೀಲ, ಮೀಸೆ, ಬೆರಳ ಸಂದು ಒಂದನ್ನೂ ಬಿಡಲಿಲ್ಲ. ಕೊಟ್ಟಿಗೆಯ ಮೂಲೆಗಳಲ್ಲಿ ಬೂದಿ ಹುಡುಕಿದಳು. ಸುಟ್ಟ ಹೊಗೆಯ ಎಳೆಯೂ ಇಲ್ಲ. ಬೆರಳಲ್ಲಿ ನೆನೆದ ಹೊಗೆಸೊಪ್ಪಿನ ಕಮಟು ವಾಸನೆ ಇತ್ತು. ಅದು ಪೀಪಾಯಿಯ ಕೆಲಸದ ವಾಸನೆ, ಕಮ್ಮಾರನ ಕೈ ಕಬ್ಬಿಣ ನಾರುವ ಹಾಗೆ. ಅದನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ.

ಉಳಿದವನು ಮೈದುನ. ಅವನನ್ನು ಗೋಡೆಯ ಬಳಿಯೇ ಹಿಡಿದಳು.

"ನಿಮ್ಮಣ್ಣಂಗೆ ಕದ್ದು ಕೊಡ್ತಾ ಇದ್ದೀಯಾ?"

"ನಾನಾ?" ಮೈದುನ ಸೇದುತ್ತಿದ್ದದ್ದನ್ನು ಬೆನ್ನ ಹಿಂದೆ ಬಚ್ಚಿಟ್ಟ, ಅದೇನೋ ಶಾಲೆಯ ಹುಡುಗನ ಹಾಗೆ. "ಅತ್ತಿಗೆ, ನಿಜ ಹೇಳ್ಲಾ? ಮೊನ್ನೆ ಒಂದು ಚಾಚಿದೆ. ಒಬ್ನೇ ಸೇದಿ ಸೇದಿ ಬೇಜಾರಾಗಿತ್ತು. ತಗೋಳಣ್ಣ, ಅತ್ತಿಗೆ ತೋಟದಲ್ಲಿದ್ದಾಳೆ ಅಂದೆ."

"ಆಮೇಲೆ?"

"ಆಮೇಲೇನು? ಅದನ್ನೇ ನೋಡ್ತಾ ಸ್ವಲ್ಪ ಹೊತ್ತು ಕೂತ. ಆಮೇಲೆ ಕಸಿ ಚಾಕು ತರಿಸಿಕೊಂಡು ಮಸೆಯೋಕೆ ಶುರು ಮಾಡಿದ. ಆ ಚಾಕು ಮಸೆಯೋದು ನೋಡಿ ನಾನೇ ಜಾಗ ಖಾಲಿ ಮಾಡಿದೆ."

ದೊಡ್ಡಮ್ಮ ಒಳಗೆ ಹೋದಾಗ ಕಸಿಗಾರ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಚಾಕು ಮುಂದಿತ್ತು, ಕನ್ನಡಿಯಂತೆ ಹೊಳೆಯುತ್ತಿತ್ತು. ಕಟ್ಟಲು ಸಸಿಯ ಹತ್ತಿರ ಹೋಗಲಾಗದವನು ಅದನ್ನು ಮಸೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅವಳು ಅವನ ಎದುರು ಕೂತಳು.

"ನಂಬ್ತೀನಿ" ಎಂದಳು.

"ಏನನ್ನ?"

"ಬಸ್ಸಲ್ಲಿ ಕೇಳಿದ್ರಲ್ಲ, ಅದನ್ನ."

"ಅದಕ್ಕೆ ಇಷ್ಟು ದಿನ ಬೇಕಾಯ್ತಾ?"

"ನಾನೇನು ಮಿಷನ್ನಾ, ಒಂದು ಹನಿ ಹಾಕಿದ ತಕ್ಷಣ ಹೇಳೋಕೆ? ಕೆಟ್ಟಿರೋದು ಆ ಮಿಷನ್ನೇ ರೀ. ನಾನು ತೋರಿಸ್ತೀನಿ."

ಮತ್ತೆ ರಕ್ತ ಕೊಡುವ ದಿನ ಬಂತು. ಲ್ಯಾಬಿನಲ್ಲಿ ರಕ್ತ ತೆಗೆಯುವ ಹೆಂಗಸು ದುಂಡು ಮುಖದವಳು, ಸೂಜಿ ಚುಚ್ಚುವಾಗ ಮನೆಯ ಸುದ್ದಿ ಕೇಳಿ ನೋವು ಮರೆಸುವವಳು. ಕಸಿಗಾರನ ತೋಳಿಗೆ ಹತ್ತಿಯೊತ್ತಿ, "ಆಯ್ತು" ಎಂದಳು. ಅವನು ಎದ್ದ ಕುರ್ಚಿಯಲ್ಲಿ ದೊಡ್ಡಮ್ಮ ಕೂತು ತೋಳು ಚಾಚಿದಳು.

"ನನ್ನದೂ ತೆಗಿ."

"ನಿಮಗೇನಾಗಿದೆ ಅಮ್ಮ?"

"ಏನೂ ಆಗಿಲ್ಲ. ಹುಟ್ಟಿದಾಗಿಂದ ನಾನು ಹೊಗೆ ತುಟಿಗೆ ಮುಟ್ಟಿಸಿಲ್ಲ. ಇಡೀ ಓಣಿಗೆ ಗೊತ್ತು. ನಿಮ್ಮ ಮಿಷನ್ನು ನನ್ನನ್ನೂ ಸೇದೋಳು ಅಂತ ಹೇಳಿದ್ರೆ, ಅದನ್ನ ರಿಪೇರಿಗೆ ಕಳಿಸಿ, ಇವರಿಗೆ ಆಪರೇಷನ್ ಮಾಡಿ."

ಲ್ಯಾಬಿನವಳಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರನ್ನು ಕೇಳಿಕೊಂಡು ಬಂದಳು. ಡಾಕ್ಟರೂ ನಕ್ಕು, ಆಗಲಿ ಎಂದರಂತೆ. "ನಿಮ್ಮ ಸಮಾಧಾನಕ್ಕೆ ನನ್ನ ರಕ್ತಾನೂ ಜೊತೆಗೆ ಹಾಕ್ತೀನಿ ಬಿಡಿ" ಎಂದು ದೊಡ್ಡಮ್ಮನ ತೋಳಿಗೆ ರಬ್ಬರು ಪಟ್ಟಿ ಬಿಗಿದಳು. ಸೂಜಿ ಇಳಿಯುವಾಗ ದೊಡ್ಡಮ್ಮ ಗಂಡನ ಕಡೆ ನೋಡಿ ಹುಬ್ಬು ಹಾರಿಸಿದಳು.

ಫಲಿತಾಂಶದ ದಿನ ಲ್ಯಾಬಿನವಳೂ ಡಾಕ್ಟರ ಕೋಣೆಗೆ ಬಂದು ಗೋಡೆಗೊರಗಿ ನಿಂತಳು. ಅವಳ ಮುಖ ನೋಡಿ ದೊಡ್ಡಮ್ಮನಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು.

"ಮಿಷನ್ನು ಸರಿಯಾಗಿದೆ ಅಮ್ಮ" ಎಂದರು ಡಾಕ್ಟರು. "ಇವಳ ರಕ್ತದಲ್ಲಿ ಏನೂ ಇಲ್ಲ. ನಿಮ್ಮ ಯಜಮಾನರಲ್ಲಿ ಹಿಂದಿನಷ್ಟೇ ಇದೆ." ಇನ್ನೊಂದು ಚೀಟಿ ತಿರುಗಿಸಿದರು. "ನಿಮ್ಮಲ್ಲೂ ಇದೆ."

"ನನ್ನಲ್ಲಿ ಏನಿದೆ?"

"ಕೋಟಿನಿನ್. ಪಕ್ಕದಲ್ಲಿ ಯಾರೋ ಸೇದಿದ ಹೊಗೆ ಕುಡಿದಷ್ಟಲ್ಲ. ಅದಕ್ಕಿಂತ ಎಷ್ಟೋ ಜಾಸ್ತಿ. ನೀವೇ ಸೇದಿದ ಹಾಗಿದೆ."

ಕಸಿಗಾರ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಎಷ್ಟು ವರ್ಷದಿಂದ ನಡೀತಿದೆ ಕಣೇ ಇದು?"

ಮೊದಲು ನಕ್ಕವಳು ಲ್ಯಾಬಿನವಳು. ಆಮೇಲೆ ಡಾಕ್ಟರು ಕನ್ನಡಕ ತೆಗೆದರು. ಕೊನೆಗೆ ದೊಡ್ಡಮ್ಮನೂ ಬಾಯಿಗೆ ಕೈ ಅಡ್ಡ ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಗುತ್ತಲೇ ಅವಳಿಗೆ ಕಣ್ಣಲ್ಲಿ ನೀರು ಬಂತು, ಯಾಕೆಂದರೆ ಈಗ ಗಂಡನನ್ನು ನಂಬಲು ಅವಳಿಗೆ ಮೂಗೂ ಬೇಕಿರಲಿಲ್ಲ. ತಾನು ಸೇದಿಲ್ಲ ಎಂಬುದು ಅವಳಿಗೆ ಗೊತ್ತು. ತನ್ನ ರಕ್ತಕ್ಕೆ ಬಂದದ್ದು ಯಾವ ದಾರಿಯಲ್ಲೋ, ಅವನದಕ್ಕೂ ಅದೇ ದಾರಿಯಲ್ಲಿ ಬಂದಿರಬೇಕು.

ನಗು ಇಳಿದ ಮೇಲೆ ಲ್ಯಾಬಿನವಳು ಕೇಳಿದಳು. "ಅಮ್ಮ, ಅವರು ಸೇದುತ್ತಿದ್ದ ಸೊಪ್ಪು ಮನೇಲಿ ಇನ್ನೂ ಇದೆಯಾ?"

"ಎಲ್ಲಿಂದ? ಅದನ್ನೆಲ್ಲ ಪೀಪಾಯಿಯಲ್ಲಿ ನೆನೆಹಾಕಿಬಿಟ್ಟಿದೀವಿ. ಹೇನಿಗೆ ಹೊಡೆಯೋಕೆ. ಇವರು ಹಿಸುಕಿ ಕೊಡ್ತಾರೆ, ನಾನು ಹೊಡೀತೀನಿ."

"ಯಾವುದರಲ್ಲಿ ಹಿಸುಕ್ತಾರೆ?"

"ಕೈಯಲ್ಲಿ. ಮತ್ಯಾವುದರಲ್ಲಿ?"

ಡಾಕ್ಟರು ಕಸಿಗಾರನ ತೋಳನ್ನು ಮೇಜಿನ ಮೇಲೆ ಇಡಿಸಿಕೊಂಡು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದರು. ಉಗುರಿನಿಂದ ಮೊಣಕೈವರೆಗೆ ಹಳೆಯ ಚಹಾ ಪಾತ್ರೆಯ ಒಳಮೈಯಂಥ ಕಂದು ಬಣ್ಣ. ಮೊಣಕೈ ದಾಟಿದ ಮೇಲೆ ಒಮ್ಮೆಲೇ ಬಿಳಿ. ರಕ್ತ ತೆಗೆದದ್ದು ಆ ಗೆರೆಯ ಹತ್ತಿರದಲ್ಲೇ. ತೋಟದವನ ಬಿಸಿಲು ಹಿಡಿದ ಕೈ ಎಂದು ಲ್ಯಾಬಿನವಳು ಅಂದುಕೊಂಡಿದ್ದಳು.

"ಸೇದ್ತೀರಾ, ಜಗೀತೀರಾ, ನಶ್ಯ ಏರಿಸ್ತೀರಾ, ಎಲ್ಲ ಕೇಳಿದೆ" ಎಂದರು ಡಾಕ್ಟರು. "ಅದರಲ್ಲಿ ಸ್ನಾನ ಮಾಡ್ತೀರಾ ಅಂತ ಕೇಳಲಿಲ್ಲ ನೋಡಿ."

ಒದ್ದೆ ಸೊಪ್ಪಿನ ರಸವನ್ನು ಚರ್ಮವೂ ಕುಡಿಯುತ್ತದೆ, ಹೊಗೆಸೊಪ್ಪಿನ ಹೊಲದಲ್ಲಿ ಇಬ್ಬನಿ ಆರುವ ಮೊದಲೇ ಎಲೆ ಕೀಳುವವರಿಗೂ ಹೀಗಾಗುತ್ತದೆ, ವಾಂತಿ ತಲೆನೋವು ಬರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಆ ಬೆಳಗಿನ ತೊಳಸಾಟ ಹೊಗೆ ಬಿಟ್ಟದ್ದರಿಂದಲ್ಲ, ಹೊಗೆಸೊಪ್ಪು ಹೊಕ್ಕದ್ದರಿಂದ. ಪಂಪಿನ ದಿನದ ತಲೆಸಿಡಿತವೂ ಬಿಸಿಲಿನದಲ್ಲ. "ಒಳಗೆ ಬಂದೋರು ಯಾರು ಅಂತ ರಕ್ತಕ್ಕೆ ಗೊತ್ತು. ಯಾವ ಬಾಗಿಲಲ್ಲಿ ಬಂದ್ರು ಅಂತ ಅದಕ್ಕೆ ಗೊತ್ತಿಲ್ಲ. ಅದನ್ನ ನಾವು ಕೇಳಬೇಕಿತ್ತು."

"ಸೇದಲಿಲ್ಲ ಅಂತಾಯ್ತಲ್ಲ. ಹಂಗಾದ್ರೆ ಕಟ್ಟಿಬಿಡಿ" ಎಂದ ಕಸಿಗಾರ.

"ಆಗಲ್ಲ ಯಜಮಾನ್ರೇ. ಬಾಗಿಲು ಯಾವುದಾದ್ರೂ ಮೂಳೆಗೆ ಕಾಟ ಕೊಡೋದು ಕೊಡುತ್ತೆ. ಪೀಪಾಯಿ ಬಿಡಿ, ಆಮೇಲೆ ಬನ್ನಿ. ಸರದಿ ನಿಮ್ಮದೇ ಇರುತ್ತೆ, ನಾನು ನೋಡ್ಕೋತೀನಿ. ಇನ್ನೊಂದು ಮಾತು. ಇಷ್ಟು ದಿನ ಬಿಡೋದು ಸುಲಭ ಅನ್ನಿಸಿರಬೇಕಲ್ಲ? ನೀವು ಬಿಟ್ಟೇ ಇರಲಿಲ್ಲ. ಬಾಯಿಂದ ಬಿಟ್ಟು ಕೈಯಿಂದ ಹಿಡ್ಕೊಂಡಿದ್ರಿ. ಇನ್ನು ಮೇಲೆ ನಿಜವಾಗಿ ಬಿಡ್ತೀರಿ."

ಕಸಿಗಾರನ ಮುಖ ಇಳಿದುಹೋಯಿತು. ಹೊರಗೆ ಬರುವಾಗ, "ಹಂಗಾದ್ರೆ ನನ್ನ ಮನಸ್ಸು ಗಟ್ಟಿ ಅಂದುಕೊಂಡಿದ್ದೆಲ್ಲ?" ಎಂದು ಹೆಂಡತಿಯನ್ನು ಕೇಳಿದ.

"ನೆನೆದು ಮೆತ್ತಗಾಗಿತ್ತು" ಎಂದಳು ಅವಳು.

ಬಸ್ಸಿನಲ್ಲಿ ಈ ಸಲ ಅವಳು ಕಿಟಕಿಯ ಪಕ್ಕ ಕೂತಳು. ಅವನ ಕೈಯನ್ನೆತ್ತಿ ಮೂಗಿಗೆ ಹಿಡಿದಳು. ಅದೇ ಕಮಟು. ಮೂಗು ದಿನವೂ ಹೇಳಿತ್ತು. ಕೆಲಸದ ವಾಸನೆ ಎಂದು ಅದರ ಬಾಯಿ ಮುಚ್ಚಿಸಿದವಳು ತಾನೇ. ಬಿಸಾಡಲಾರದ ತನ್ನ ಕೈಗುಣದಿಂದ ಆದದ್ದಿದು ಎಂದೂ ಅನ್ನಿಸಿತು. ಅದನ್ನು ಹೇಳಿದಾಗ ಕಸಿಗಾರ, "ಹೇನು ಸತ್ತವೋ ಇಲ್ಲವೋ?" ಎಂದ.

"ಸತ್ತವು."

"ಮತ್ತೆ? ಒಂದಾದ್ರೂ ಆಯ್ತಲ್ಲ."

ಪೀಪಾಯಿಯನ್ನು ಬಾವಿಯಿಂದ ದೂರ ಒಯ್ದು, ಬೀಳುನೆಲದಲ್ಲಿ ಗುಂಡಿ ತೋಡಿ ಸುರಿದು ಮುಚ್ಚಿದವನು ಮೈದುನ. ರಬ್ಬರು ಕೈಗವಸು ತೊಡಿಸಿಯೇ ದೊಡ್ಡಮ್ಮ ಅವನನ್ನು ಮುಟ್ಟಗೊಟ್ಟಳು. "ಎಂಥ ಸೊಪ್ಪಾಗಿತ್ತು" ಎಂದು ಅವನು ಗುಂಡಿಯ ಪಕ್ಕ ನಿಂತು ನಿಟ್ಟುಸಿರು ಬಿಟ್ಟ. "ಒಂದು ಕಟ್ಟಾದ್ರೂ ಈ ಬಡವನಿಗೆ ಉಳಿಸಬಾರದಾ ಅತ್ತಿಗೆ?"

ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಕಸಿಗಾರನ ಕೋಪ ಮೂಗಿನ ತುದಿಗೆ ಬಂದು ಕೂತಿತು. ಚಹಾ ಬಿಸಿ ಇದ್ದರೆ ನಾಲಿಗೆ ಸುಟ್ಟಿತೆಂದು ರೇಗಿದ, ಆರಿದ್ದರೆ ಆರಿತೆಂದು ರೇಗಿದ. ಬೆಕ್ಕು ಅಡ್ಡ ಬಂದದ್ದಕ್ಕೆ ಅದರ ವಂಶವನ್ನೇ ಬೈದ. ಸ್ಟೂಲಿನ ಒಂದು ಕಾಲು ಉದ್ದವೆಂದು ಕೊಯ್ದು, ಆಮೇಲೆ ಉಳಿದ ಮೂರು ಉದ್ದವೆಂದು ಕೊಯ್ದು, ಕೊನೆಗೆ ಅದು ಮಣೆಯ ಎತ್ತರಕ್ಕೆ ಬಂತು. ಕೈ ನಡುಗುತ್ತಿತ್ತು. ಮಾತಿಗೊಂದು ಜಗಳ.

ದೊಡ್ಡಮ್ಮನಿಗೆ ಇಷ್ಟು ನೆಮ್ಮದಿ ಬಹಳ ಕಾಲದಿಂದ ಇರಲಿಲ್ಲ. ಅವನು ರೇಗಿದಷ್ಟೂ ಅವಳ ಮುಖ ತಿಳಿಯಾಗುತ್ತಿತ್ತು. "ಬೈರಿ ರೀ, ಚೆನ್ನಾಗಿ ಬೈರಿ. ರಕ್ತ ತೊಳೀತಾ ಇದೆ" ಎಂದು ಹಿಟ್ಟು ನಾದುತ್ತಿದ್ದಳು. ಅವನ ಕೈಗೆ ಬಟಾಣಿ ಸುಲಿಯುವುದು, ಹಗ್ಗ ಹೊಸೆಯುವುದು ಎಂದು ಒಣ ಕೆಲಸಗಳನ್ನೇ ಹುಡುಕಿ ಕೊಟ್ಟಳು. ಬಳ್ಳಿಗಳ ಮೇಲೆ ಹೇನು ಮತ್ತೆ ಕಂಡಾಗ, ಬರೀ ಸೋಪು ನೀರಿನಲ್ಲಿ ಬಟ್ಟೆಯದ್ದಿ ಎಲೆ ಎಲೆಯಾಗಿ ಒರೆಸಿದಳು. ಅರ್ಧ ಬೆಳೆ ಹೇನಿಗೇ ಹೋಯಿತು. ಹೋಗಲಿ ಎಂದಳು, ಅವಳ ಬಾಯಲ್ಲಿ ಆ ಮಾತು ಕೇಳಿ ಮೈದುನ ಬೆರಗಾದ.

ಒಂದು ಮಧ್ಯಾಹ್ನ ಕಿಟಕಿಯಿಂದ ನೋಡುತ್ತಾಳೆ, ಕಸಿಗಾರ ಕೋಲೂರಿಕೊಂಡು ಗೋಡೆಯ ಕಡೆ ಹೋಗುತ್ತಿದ್ದಾನೆ. ಆಚೆ ಮೈದುನನ ಹೊಗೆ ಏಳುತ್ತಿದೆ. ಅವಳು ಕೂಗಲು ಬಾಯಿ ತೆರೆದು ಹಾಗೇ ಮುಚ್ಚಿದಳು. ನಂಬ್ತೀನಿ ಎಂದು ಒಮ್ಮೆ ಹೇಳಿಯಾಗಿತ್ತು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತ ನಿಂತಳು. ಅಣ್ಣ ತಮ್ಮ ಏನೋ ಮಾತಾಡಿದರು. ಕಸಿಗಾರ ತಿರುಗಿ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಏನಂತೆ?" ಎಂದಳು, ತಿರುಗಿ ನೋಡದೆ.

"ಏನಿಲ್ಲ. ನಾನು ಹತ್ತಿರ ಬರ್ತಾ ಇದ್ದ ಹಂಗೇ ಅವನೇ ಕಾಲಲ್ಲಿ ಹೊಸಕಿ ಹಾಕಿದ. ನಿನ್ನ ಮೂಳೆ ಹಾಳು ಮಾಡಿದ ಪಾಪ ನಂಗೆ ಬೇಡ, ಆ ಕಡೆ ಹೋಗಿ ನಿಂತ್ಕೋ ಅಂದ."

"ಹೊಸಕದೇ ಇದ್ದಿದ್ರೆ?"

ಕಸಿಗಾರ ಕೋಲನ್ನು ಬಾಗಿಲಿಗೆ ಒರಗಿಸಿದ. "ಗೊತ್ತಿಲ್ಲ ಕಣೇ" ಎಂದ.

ಅವನು ಹೊಗೆ ಬಿಟ್ಟದ್ದನ್ನು ಅವಳು ಪೂರ್ತಿ ನಂಬಿದ್ದು ಆ ಉತ್ತರ ಕೇಳಿದ ಮೇಲೆ.

ಮೂರನೇ ಸಲ ಲ್ಯಾಬಿನವಳು ಇಬ್ಬರ ರಕ್ತವನ್ನೂ ತೆಗೆದಳು. ದೊಡ್ಡಮ್ಮ ಹಟ ಹಿಡಿದಿದ್ದಳು, ತನ್ನ ಹೆಸರಿಗೆ ಮೆತ್ತಿದ ಮಸಿ ಹೋಗಬೇಕೆಂದು. ಈ ಸಲ ಡಾಕ್ಟರು ಅವರು ಕೂರುವ ಮೊದಲೇ, "ಇಬ್ಬರದೂ ಚೊಕ್ಕ. ಕಟ್ಟೋಣ" ಎಂದುಬಿಟ್ಟರು.

ಕಟ್ಟಿದರು. ಕಾಲು ಪ್ಲಾಸ್ಟರಿನ ಪಟ್ಟಿಯೊಳಗೆ ತಿಂಗಳುಗಟ್ಟಲೆ ಕೂತಿತು. ಬಿಚ್ಚಿದ ದಿನ ಡಾಕ್ಟರು ಹೊಸ ಚಿತ್ರವನ್ನು ಬೆಳಕಿಗೆ ಹಿಡಿದರೆ, ತಂದ ಮೂಳೆ ಯಾವುದು, ಇದ್ದ ಮೂಳೆ ಯಾವುದು ಎಂದು ಗೆರೆಯೇ ಕಾಣಿಸಲಿಲ್ಲ. ಕಸಿಗಾರ ಎದ್ದು ಹತ್ತಿರ ಹೋಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, "ಒಳ್ಳೇ ಕೈ" ಎಂದ. ಡಾಕ್ಟರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಎಲ್ಲೂ ಸಿಕ್ಕಿರಲಾರದು.

ಈಗ ಕಸಿ ಕಟ್ಟುವ ಕಾಲ. ಕಸಿಗಾರ ತಾನೇ ಕೊಯ್ದು ಗಿಡ್ಡ ಮಾಡಿದ ಸ್ಟೂಲಿನ ಮೇಲೆ, ಮಡಚದ ಕಾಲನ್ನು ಮುಂದಕ್ಕೆ ಚಾಚಿ, ಮಡಿಯ ಪಕ್ಕ ಕೂರುತ್ತಾನೆ. ಆ ಎತ್ತರವೇ ಸರಿಹೊಂದಿದೆ. ಕೈ ನಡುಗುವುದು ನಿಂತಿದೆ. ಮೊದಲು ಕಟ್ಟಿದ ನಿಂಬೆ ಸಸಿ ಲ್ಯಾಬಿನವಳ ಹಿತ್ತಲಿಗೆ ಹೋಗಬೇಕಾದದ್ದು; ಅದರ ಕುಡಿಯಲ್ಲಿ ಸಾಸಿವೆಯಷ್ಟು ಹಸಿರು ಕಣ್ಣು ಕಂಡ ದಿನ ಅವನು ಹೆಂಡತಿಯನ್ನು ಕೂಗಿ ಕರೆದ. ಅವಳು ಬಂದು, ಸಸಿಯನ್ನು ಬಿಟ್ಟು, ಮೊದಲು ಅವನ ಕೈಯನ್ನು ಮೂಗಿಗೆ ಹಿಡಿದಳು.

"ಏನು ಬರುತ್ತೆ?"

"ಸೋಪು. ನಿಂಬೆ ತೊಗಟೆ. ಸ್ವಲ್ಪ ಬೆಕ್ಕು."

"ಬೆಕ್ಕಿನ ಜೊತೆ ರಾಜಿಯಾಗಿದೆ" ಎಂದ ಕಸಿಗಾರ.

ಗೋಡೆಯಾಚೆಯಿಂದ ಮೈದುನ ಯಾರಿಗೋ ಕಥೆ ಹೇಳುತ್ತಿದ್ದ. ಅವನು ಅದನ್ನು ಓಣಿಗೆಲ್ಲ ಹೇಳಿ ಮುಗಿಸಿ, ಈಗ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳುವ ಹಂತಕ್ಕೆ ಬಂದಿದ್ದ. "ನಮ್ಮಣ್ಣ ಬಿಟ್ಟದ್ದು ದೊಡ್ಡ ವಿಷಯ ಅಲ್ಲಪ್ಪ" ಎನ್ನುತ್ತಿದ್ದ. "ನಮ್ಮತ್ತಿಗೆ ಬಿಟ್ಟರು ನೋಡು. ಅದು ಕಷ್ಟ."

ದೊಡ್ಡಮ್ಮ ಮಡಿಯಿಂದ ಒಂದು ಹೆಂಟೆ ಮಣ್ಣನ್ನೆತ್ತಿ, ದನಿ ಬಂದ ಕಡೆಗೆ ಗುರಿಯಿಟ್ಟು ಎಸೆದಳು.